ಪಂಪಿನ ಬಾಯಿಗೆ ಬಂದ ಸೀರೆ

"ಸತ್ತ ಮ್ಯಾಲೂ ನಿಮ್ಮ ಮಂದಿ ನನ್ನ ಪಂಪಿಗಿ ಗಂಟು ಬಿದ್ದಾರೇನಲೇ, ಸೂಳೇಮಗನ? ಜಗ್ಗಲೇ!" ಶಾಂತಲಿಂಗಪ್ಪಗೌಡ ದಂಡೆಯಿಂದ ಒದರಿದ.

ಭೀಮಾ ಹೊಳೆಯ ಹಿನ್ನೀರಿನಲ್ಲಿ ಕುತ್ತಿಗೆಮಟ ನಿಂತಿದ್ದ ಮಾಳಿಂಗ ಜಗ್ಗಿದ. ಗೌಡನ ಪಂಪು ಕಾಯುವ ಆಳು ಅವನು. ಪೈಪಿನ ಬಾಯಿಯ ಜಾಳಿಗೆಗೆ ಬಟ್ಟೆ ಸುತ್ತಿಕೊಂಡು ಮೋಟಾರು ನಿಂತಿತ್ತು. ಗೇಣು ಗೇಣಾಗಿ ಹೊರಗೆ ಬಂತು: ಹಸಿರು ಸೀರೆ, ಕೆಂಪು ದಡಿ. ಸೆರಗಿನ ಗಂಟಿನಲ್ಲಿ ನೆನೆದ ಹೋಳಿಗೆ. ಮಾಳಿಂಗನ ಕೈ ನಿಂತಿತು. ಮದುವೆಗೆ ಅವನೇ ಆರಿಸಿ ತಂದ ಸೀರೆ.

ಬ್ಯಾರೇಜು ಕಟ್ಟಿದಾಗ ಕೇರಿಯವರು ಹೆಣ ಹೂಳುವ ಜಾಗ ಮುಳುಗಿತು. ಊರವರದು ದಿಬ್ಬದ ಮೇಲಿತ್ತು, ಉಳಿಯಿತು. ಆದರೂ ಅಮಾವಾಸ್ಯೆಗೆ ಎಡೆ ಕೊಡುವುದನ್ನು ಕೇರಿ ಬಿಡಲಿಲ್ಲ. ಸತ್ತವರ ಬಟ್ಟೆಯಲ್ಲೇ ಎಡೆ ಕಟ್ಟಿ, ಕಲ್ಲು ಬಿಗಿದು, ಗೋರಿಗಳಿದ್ದ ಅಂದಾಜಿನ ಮೇಲೆ ನೀರಿಗೆ ಇಳಿಸುತ್ತಾರೆ. ಆಮೇಲೆ ಸತ್ತು ಬೇರೆ ಕಡೆ ಮಣ್ಣಾದವರ ಎಡೆಯೂ ಹಿರಿಯರ ಜೊತೆ ಅಲ್ಲಿಗೇ. ಈ ಸಲ ಮಾಳಿಂಗನ ತಾಯಿ ಹಣಮವ್ವ ಸಣ್ಣ ಕಲ್ಲು ಕಟ್ಟಿದ್ದಳು. ಸೊಸೆ ಶಿವಕಾಂತಾ ಸತ್ತಾಗ ಬಸುರಿ. ಬಸುರಿಯ ಮೇಲೆ ಭಾರ ಹೊರಿಸುವುದು ಹೇಗೆ?

ಶಿವಕಾಂತಾ ಹೋದದ್ದೂ ನೀರಿನಿಂದಲೇ. ಕೇರಿಯ ನಳದ ಪೈಪು ಇದೇ ಹಿನ್ನೀರಿನಲ್ಲಿದೆ, ಗೌಡನ ಪೈಪಿನಷ್ಟು ಆಳಕ್ಕೆ ಇಳಿದಿಲ್ಲ. ಕಬ್ಬಿಗೆ ಎಳೆದಷ್ಟೂ ಹೊಳೆ ಇಳಿದು, ಕೇರಿಯ ಪೈಪು ಗಾಳಿ ಕುಡಿಯುತ್ತದೆ. ಹೋದ ಬೇಸಿಗೆ ಗುಂಡಿಯ ನೀರು ಕುಡಿದವಳಿಗೆ ಕಾಮಣಿ ಹತ್ತಿ ಮೈಯೆಲ್ಲ ಹಳದಿಯಾಯಿತು, ಅಷ್ಟೇ. ಈ ಬೇಸಿಗೆಯೂ ಪೈಪು ಹೊರಗೆ ಬಿದ್ದಿದೆ.

ಅದನ್ನು ನೋಡಲೆಂದೇ ಅವತ್ತು ತಾಲೂಕು ಕಚೇರಿಯ ಸಾಹೇಬರು ಬಂದಿದ್ದರು. ಬೇವಿನ ನೆರಳಿನಲ್ಲಿ ಗೌಡನ ಚಹಾ ಕುಡಿಯುತ್ತ, "ಮೊದಲು ಕುಡಿಯೋದಕ್ಕೆ, ಆಮೇಲೆ ಕಬ್ಬಿಗೆ. ಕಾಯ್ದೆ ಇರೋದೇ ಹಾಗೆ" ಎಂದರು.

"ಹಂಗಾರ ಪಂಪು ಬಂದ್ ಮಾಡಸ್ರಿ, ಯಪ್ಪಾ," ದೂರ ನಿಂತಿದ್ದ ಹಣಮವ್ವ ಕೈ ಮುಗಿದಳು.

"ಗೌಡ್ರೇ, ಸ್ವಲ್ಪ ನೋಡ್ಕೊಳ್ಳಿ."

ಗೌಡ ನಕ್ಕ. "ಇವರ ಹೆಣ ಕೊಳೆತ ನೀರ್ರಿ ಇದು, ಸಾಹೇಬ್ರ. ಊರಾಗ ಒಬ್ಬರೂ ಮುಟ್ಟಂಗಿಲ್ಲ. ಕಬ್ಬಿಗಾದ್ರ ನಡೀತದ."

"ಆ ಕಬ್ಬಿನ ಸಕ್ಕರಿನೇ ಅಲ್ಲೇನ್ರಿ ನಿಮ್ಮ ಚಾದಾಗ ಬಿದ್ದಿದ್ದು?" ಹಣಮವ್ವ ಸಾಹೇಬರನ್ನು ಕೇಳಿದಳು.

ಸಾಹೇಬರು ಕಪ್ಪು ಕೆಳಗಿಟ್ಟರು. ಗೌಡ ಒದ್ದೆ ಸೀರೆಯನ್ನು ಚಪ್ಪಲಿಯ ತುದಿಯಿಂದ ಎತ್ತಿ ಅವಳ ಮುಖಕ್ಕೆ ಒಗೆದ. "ಬಾಯಿ ಮುಚ್ಚ ಬೇ, ರಂಡಿ! ಇನ್ನೊಮ್ಮೆ ಈ ಪೀಡಿ ಇಲ್ಲಿ ಕಂಡ್ರ ನಿನ್ನೂ ಅಲ್ಲೇ ಮುಳಗಸ್ತೇನಿ."

ಹಣಮವ್ವ ಸೀರೆ ಹಿಂಡಿದಳು, ಮಡಚಿದಳು. ಎದೆಗೆ ಅವಚಿಕೊಂಡು ಮನೆಗೆ ನಡೆದಳು. ಹೊಸ್ತಿಲಲ್ಲಿ ನಿಂತು ಅಂದಳು: "ಲೇ ಮಾಳಿಂಗ, ಅಕಿ ಸುಮ್ಮ ಬಂದಿಲ್ಲಲೇ. ದಾರಿ ತೋರಿಸಾಕ ಬಂದಾಳ."

ಮರುದಿನ ಮುಂಜಾನೆ ಕೇರಿಯ ಹೆಂಗಸರು ಹೊಳೆಗೆ ಇಳಿದರು. ಟ್ರಂಕಿನ ತಳದಲ್ಲಿದ್ದದ್ದೆಲ್ಲ ಹೊರಗೆ ಬಂದಿತ್ತು: ಧೋತರ, ರುಮಾಲು, ತೇಪೆಯ ಕುಪ್ಪಸ. ಯಾರೂ ಕಲ್ಲು ಕಟ್ಟಿರಲಿಲ್ಲ.

"ಹೋಗಪ್ಪಾ ಧರ್ಮರಾಜ, ಗೌಡ್ರ ಪಂಪಿಗಿ ಹೋಗು." ಜಯಮಾಲಾ ಸತ್ತ ಮಗ ಧರ್ಮರಾಜನ ಅಂಗಿಯನ್ನು ನೀರಿಗೆ ಬಿಟ್ಟಳು. ಹಣಮವ್ವ ಹಸಿರು ಸೀರೆ ಬಿಟ್ಟಳು. ಅದರ ಹಿಂದೆ ಒಂದು ಕುಂಚಿಗೆ. ಅದನ್ನು ಯಾವ ಕೂಸೂ ತೊಟ್ಟಿರಲಿಲ್ಲ.

ಬಟ್ಟೆಗಳು ಕೈಕಾಲು ಚಾಚಿ ಮಲಗಿದ ಹಾಗೆ ನೀರಿನ ಮೇಲೆ ತೇಲಿದವು. ಆಮೇಲೆ ಒಂದೊಂದೇ ನೆನೆದು, ಯಾರೋ ಕರೆದಂತೆ ಹೊರಳಿ, ಪೈಪಿನ ಬಾಯಿಯತ್ತ ಮುಳುಗುತ್ತ ಹೋದವು. ಮೋಟಾರು ನರಳಿತು.

ಗೌಡ ಓಡಿ ಬಂದ. "ಮಾಳಿಂಗ! ಇಳೀಲೇ! ತೆಗಿಯಲೇ ಆ ದರಿದ್ರಾನ!"

ದಂಡೆಯ ಮೇಲೆ ಕುಳಿತಿದ್ದ ಮಾಳಿಂಗ ಏಳಲಿಲ್ಲ. "ಯಾರನ್ನ ತೆಗೀಲ್ರಿ, ಗೌಡ್ರ? ಹೆಸರು ಹಿಡದು ಹೇಳ್ರಿ."

ಗೌಡ ಬಾಯಿ ತೆರೆದ. ತಲೆಮಾರುಗಟ್ಟಲೆ ಅವನ ಹೊಲದಲ್ಲೇ ದುಡಿದು ಸತ್ತವರು. ಒಂದು ಹೆಸರೂ ಬರಲಿಲ್ಲ.

ಸುಟ್ಟ ವಾಸನೆ ಎದ್ದು ಮೋಟಾರು ನಿಂತಿತು. ಆ ಮೌನದಲ್ಲಿ ಇಷ್ಟು ದಿನ ಕೇಳದಿದ್ದದ್ದು ಕೇಳಿಸಿತು. ಮೇಲಿನ ದಂಡೆಗುಂಟ ಬೇರೆಯವರ ಪಂಪುಗಳು ಓಡುವ ಸದ್ದು, ಒಂದರ ಹಿಂದೊಂದು, ಕಣ್ಣು ಹಾಯುವ ತನಕ. ಕೇರಿಯ ಪೈಪು ಇನ್ನೂ ನೀರು ಮುಟ್ಟಿರಲಿಲ್ಲ.

ಹಣಮವ್ವ ಕಿವಿಗೊಟ್ಟು ಕೇಳಿದಳು. ಆಮೇಲೆ ಹೆಂಗಸರ ಕಡೆ ಹೊರಳಿದಳು.

"ಇನ್ನೂ ಯಾರ್ಯಾರ ಮನ್ಯಾಗ ಸತ್ತವರ ಬಟ್ಟಿ-ಅರಬಿ ಅದಾವ, ಬೇ?"