ಬಸ್ಸು ಹತ್ತದ ಚೆನ್ನರಾಯಪ್ಪ

ಚಟ್ಟದ ಗಳಕ್ಕೆ ಹುರಿ ಬಿಗಿಯುತ್ತಿದ್ದ ಕೋನಪ್ಪನಿಗೆ ನಗು ತಡೆಯಲಾಗಲಿಲ್ಲ.

“ಶಿಡ್ಲಘಟ್ಟ ಮುಟ್ಟೋಷ್ಟರಲ್ಲಿ ಎರಡು ಸಲ ಬಸ್ಸು ನಿಲ್ಲಿಸ್ತಿದ್ದ. ಕಂಡಕ್ಟ್ರು ಇವನ ಮುಖ ಕಂಡ್ರೆ, ‘ಯಜಮಾನ್ರೆ, ನೀವು ನಡ್ಕೊಂಡೇ ಬನ್ನಿ’ ಅಂತಿದ್ದ.”

ಸುತ್ತಲಿದ್ದ ಗಂಡಸರು ನಕ್ಕರು. ಜಂಗಮಕೋಟೆಯಲ್ಲಿ ಚೆನ್ನರಾಯಪ್ಪನನ್ನು ಕಂಡರಾಗದವರು ಯಾರೂ ಇರಲಿಲ್ಲ. ಅದು ಪ್ರೀತಿಯ ನಗುವೇ. ಅವನ ಹೆಣದ ಪಕ್ಕ ಕೂತಿದ್ದ ಮಗಳು ಓಬಳಮ್ಮ ತಾಯಿಯ ಕಡೆ ತಿರುಗಿದಳು.

“ಅಪ್ಪ ಯಾಕಮ್ಮ ಬಸ್ಸು ನಿಲ್ಲಿಸ್ತಿದ್ದ?”

“ಒಂದಕ್ಕೆ ಕಣೇ,” ಎಂದಳು ಅಕ್ಕಯಮ್ಮ. “ತಡ್ಕೊಳಕ್ಕಾಗ್ತಿರಲಿಲ್ಲ. ಇಳಿದ್ರೂ ಬೇಗ ಬರ್ತಿರಲಿಲ್ಲ, ನಿಂತೇ ಇರೋರು. ಬಸ್ನೋರೆಲ್ಲ ಕೂಗೋರು. ಕೊನೆಗೆ ಬಸ್ಸು ಹತ್ತೋದೇ ಬಿಟ್ರು.”

“ನನಗ್ಯಾಕೆ ಹೇಳಲಿಲ್ಲ?”

“ಮಗಳಿಗೆ ಇದನ್ನೆಲ್ಲ ಹೇಳ್ತಾರಾ ಅಂತ ನನ್ನ ಬಾಯಿ ಮುಚ್ಚಿಸಿದ್ರು.”

* * *

ಮೊದಲೆಲ್ಲ ಚೆನ್ನರಾಯಪ್ಪ ಹಬ್ಬಕ್ಕೊಮ್ಮೆ ಕೆಂಚಾರ್ಲಹಳ್ಳಿಗೆ ಮಗಳನ್ನು ನೋಡಲು ಬರುತ್ತಿದ್ದ. ಮೊಮ್ಮಕ್ಕಳಿಗೆಂದು ತಂದ ಹಿಪ್ಪುನೇರಳೆ ಹಣ್ಣಿನಿಂದ ಅವನ ಟವೆಲ್ಲೆಲ್ಲ ಕಪ್ಪಾಗಿರುತ್ತಿತ್ತು. ಆಮೇಲೆ ಬರುವುದು ನಿಂತಿತು. ಕೊನೆಯ ಮೊಮ್ಮಗನ ನಾಮಕರಣಕ್ಕೂ ಬರದೆ, ಮಂಡಿನೋವು ಎಂದು ಹೇಳಿ ಕಳಿಸಿದ. ಗಂಡನ ಮನೆಯವರು ಮರ್ಯಾದೆ ಕೊಡಲಿಲ್ಲವೆಂದು ಅಪ್ಪನಿಗೆ ಕೋಪ ಬಂದಿದೆ ಅಂದುಕೊಂಡು, ಓಬಳಮ್ಮನೂ ಮುನಿಸಿಕೊಂಡು ತವರಿಗೆ ಬರುವುದು ಬಿಟ್ಟಳು.

ಇಲ್ಲಿ ಚೆನ್ನರಾಯಪ್ಪ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದ. ಯುಗಾದಿಯ ಹೊತ್ತಿಗೆ ಮೂತ್ರ ಪೂರ್ತಿ ಕಟ್ಟಿಕೊಂಡಿತು. ಶಿಡ್ಲಘಟ್ಟದ ಡಾಕ್ಟರು ರಬ್ಬರ್ ಕೊಳವೆ ಹಾಕಿ ತೆಗೆದರು. ಗಂಡಸರಿಗೆ ವಯಸ್ಸಾದಾಗ ಒಳಗೊಂದು ಗ್ರಂಥಿ ಊದಿಕೊಂಡು ದಾರಿಗೆ ಅಡ್ಡ ಬರುತ್ತದೆ, ಬೆಂಗಳೂರಿನ ಆಸ್ಪತ್ರೆಯಲ್ಲಿ ಅದನ್ನು ತೆಗೆಯುತ್ತಾರೆ, ತಡಮಾಡಬೇಡಿ ಎಂದರು.

“ಎಪ್ಪತ್ತು ದಾಟಿದೋನಿಗೆ ಆಪರೇಷನ್ನಾ?” ಎಂದ ತಮ್ಮ ಆವಲಪ್ಪ. “ವಯಸ್ಸಾದ್ಮೇಲೆ ಎಲ್ಲಾರ್ಗೂ ಇದ್ದಿದ್ದೇ. ಊರು ನಗುತ್ತೆ, ನಡಿ.”

ಮತ್ತೆ ಕಟ್ಟಿಕೊಂಡಾಗ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದಿದ್ದವು. ಹುಳುಗಳನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟ ಮೇಲೆ ಗಾಡಿ ಕಟ್ಟೋಣ ಎಂದ ಆವಲಪ್ಪ. ಆದರೆ ಗಾಡಿ ಕಟ್ಟುವವರೆಗೆ ಚೆನ್ನರಾಯಪ್ಪ ಉಳಿಯಲಿಲ್ಲ.

* * *

ಇಷ್ಟನ್ನೂ ಅಕ್ಕಯಮ್ಮ ಹೇಳಿ ಮುಗಿಸುವಾಗ ಆವಲಪ್ಪ ಬಂದವರಿಗೆ ಕೈಮುಗಿಯುತ್ತಿದ್ದ. “ತುಂಬಿದ ವಯಸ್ಸು. ಮೊಮ್ಮಕ್ಕಳನ್ನ ಕಂಡು ಹೋದ. ಒಳ್ಳೇ ಸಾವು.”

ಓಬಳಮ್ಮ ಎದ್ದು ನಿಂತಳು. “ಒಳ್ಳೇ ಸಾವಲ್ಲ ಚಿಕ್ಕಪ್ಪ. ಅಪ್ಪ ಉಚ್ಚೆ ಕಟ್ಟಿ ಸತ್ತ.”

ಆವಲಪ್ಪ ಅವಳ ಕಡೆ ತಿರುಗಿದ.

“ಹೆಂಗಸಿನ ಬಾಯಲ್ಲಿ ಎಂಥಾ ಮಾತದು. ಕೂತ್ಕೋ.”

“ಈಗ್ತಾನೆ ಅದನ್ನೇ ಹೇಳ್ಕೊಂಡು ನಗ್ತಿದ್ರಲ್ಲ, ಆಗ ಯಾರ ಬಾಯೂ ಕೆಡಲಿಲ್ವಾ? ಎಮ್ಮೆಗೆ ಕಟ್ಕೊಂಡಿದ್ರೆ ದನದ ಡಾಕ್ಟ್ರ ಹತ್ರ ಓಡ್ತಿದ್ದೆ ನೀನು. ಅಪ್ಪ ಇದೇ ಅಂಗಳದಲ್ಲಿ ಹೊರಳಾಡ್ತಿದ್ರೆ ಹುಳ ಹಣ್ಣಾಗಿದೆ ಅಂದೆ.”

ಹೆಂಗಸರು ಅಕ್ಕಯಮ್ಮನ ಸುತ್ತ ಸರಿದು ಕೂತರು. ಚಟ್ಟ ಎತ್ತಲು ಯಾರೂ ಮುಂದೆ ಬರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೋನಪ್ಪ ಬಂದು ಓಬಳಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತ. ಅವನಿಗೂ ಹೆಚ್ಚುಕಡಿಮೆ ಅವಳ ಅಪ್ಪನದೇ ವಯಸ್ಸು. ನೆಲ ನೋಡುತ್ತ ತಗ್ಗಿದ ದನಿಯಲ್ಲಿ ಕೇಳಿದ:

“ತಾಯಿ, ಆ ಶಿಡ್ಲಘಟ್ಟದ ಡಾಕ್ಟ್ರು... ಯಾವ ಬೀದೀಲಿರೋದು?”

ಓಬಳಮ್ಮ ದನಿ ತಗ್ಗಿಸಲಿಲ್ಲ. “ಅಮ್ಮ ತೋರಿಸ್ತಾಳೆ ಮಾವ. ನಾಳೇನೇ ಹೋಗು.”

ಹೆಣದ ಕಾಲ ಬಳಿ ಹೂವಿನ ಹಾರ ಸರಿಮಾಡುತ್ತಿದ್ದ ಇಬ್ಬರು ಮುದುಕರ ಕೈ ಅಲ್ಲೇ ನಿಂತಿತು. ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ಅವಳ ಕಡೆಗೆ ಕಿವಿಯೊಡ್ಡಿ ಬಾಗಿದ್ದರು.