ಆರು ಗಂಟೆಗೆ ನಿಮ್ಮ ಟಿ.ವಿ.ಯಲ್ಲಿ ಯಾರು ಬರುತ್ತಾರೆ?

ನಾರ್ವೆ ಕರಾವಳಿಯ ನಮ್ಮ ಹಾವ್ನೊಯ ದ್ವೀಪದಲ್ಲಿ ಡಿಶ್ ಹಾಕಿಸಿಕೊಂಡವರೆಲ್ಲ ಒಂದು ತಪ್ಪು ಮಾಡಿದರು. ಸೂರಿನ ಮೇಲಿದ್ದ ಹಳೆಯ ಆಂಟೆನಾ ಕಿತ್ತುಬಿಟ್ಟರು. ಮೀನುದೋಣಿಯ ಎಂಜಿನ್ ನೋಡಿಕೊಂಡಿದ್ದು ನಿವೃತ್ತನಾದ ಸ್ವೆರ್ರೆಯಂತೂ ಅದರ ಕಂಬಕ್ಕೆ ಮೀನು ಒಣಗಲು ನೇತುಹಾಕಿದ. ಬುದ್ಧಿವಂತ ಬೇರೆ!

ಮಂಗಳವಾರ ಮಧ್ಯಾಹ್ನ ಪಕ್ಕದ ಮನೆಯ ಓಡ್ನಿ ಅವನ ಮನೆಗೆ ಬಂದಳು. ನಮ್ಮೂರ ಟಿ.ವಿ. ಕೇಂದ್ರದಲ್ಲಿ ವಾರಕ್ಕೊಮ್ಮೆ ಬಿಂಗೊ ಆಟದ ಸಂಖ್ಯೆ ಓದುವವಳು ಅವಳೇ. ಆ ಆಟದ ಚೀಟಿ ಮಾರಿದ ದುಡ್ಡಿನಿಂದಲೇ ಕೇಂದ್ರ ನಡೆಯುವುದು.

"ಏನ್ ಗುದ್ರುನ್, ಈ ವಾರ ಬಿಂಗೊ ಚೀಟಿನೇ ತಗೊಂಡಿಲ್ವಂತೆ?"

ಗುದ್ರುನ್ ಬಾಯಿ ತೆರೆಯುವ ಮೊದಲೇ ಅವಳ ಗಂಡ ಸ್ವೆರ್ರೆ ನಕ್ಕ. "ನಿನ್ನ ಮುಖ ನೋಡೋಕೆ ಟಿ.ವಿ. ಯಾಕೆ ಮಾರಾಯ್ತಿ? ದಿನಾ ಇಲ್ಲೇ ಇರ್ತೀಯಲ್ಲ. ನಮ್ಮನೇಲಿ ಈಗ ನಲವತ್ತು ಚಾನೆಲ್ಲು!"

"ನಲವತ್ತರಲ್ಲಿ ನಮ್ಮೂರದು ಎಷ್ಟಪ್ಪಾ?"

ಅಷ್ಟರಲ್ಲಿ ಅವರ ಮಗಳು ಸೋಲ್ವಿ ತನ್ನ ಮೂರು ವಾರದ ಕೂಸಿಗೆ ಹಾಲಿನ ಪುಡಿ ಕದಡುತ್ತಿದ್ದುದು ಓಡ್ನಿಯ ಕಣ್ಣಿಗೆ ಬಿತ್ತು.

"ಸೋಲ್ವಿ, ಆ ನೀರು ಕುದಿಸಿದ್ದೀಯಾ?"

"ಇಲ್ಲ, ನಲ್ಲೀದೇ ಬಿಸಿನೀರು. ಯಾಕೆ?"

"ಅಯ್ಯೋ, ಚೆಲ್ಲು ಅದನ್ನ! ನಿನ್ನೆ ಆರು ಗಂಟೆಗೆ ಟಿ.ವಿ.ಲಿ ಹೇಳಿದ್ವಲ್ಲ? ನಮಗೆ ನೀರು ಬರೋ ಕೆರೇಲಿ ಕುರಿ ಬಿದ್ದು ಸತ್ತಿದೆ. ಕುದಿಸದೆ ಯಾರೂ ಕುಡೀಬಾರ್ದು."

ಸೋಲ್ವಿ ಕದಡಿದ್ದ ಹಾಲನ್ನೆಲ್ಲ ಚೆಲ್ಲಿದಳು. ನಿನ್ನೆ ರಾತ್ರಿಯಿಂದ ಕೂಸು ನಾಲ್ಕು ಬಾಟಲಿ ಕುಡಿದಿತ್ತು. ಅವಳಿಗೆ ಅಳುವೇ ಬಂತು.

"ಆರು ಗಂಟೆಗೆ ನಾನೂ ನಿಮ್ಮ ಕಾರ್ಯಕ್ರಮ ಬರೋ ಚಾನೆಲ್ಲೇ ನೋಡ್ತಿದ್ದೆ!" ಸ್ವೆರ್ರೆ ರೇಗಿದ. "ಪರದೆ ಮೂಲೇಲಿ ಅದೇ ಚಾನೆಲ್ಲಿನ ಗುರುತು ಇತ್ತು. ಯಾವ್ದೋ ಅಮೆರಿಕದ ಧಾರಾವಾಹಿ ಬರ್ತಿತ್ತು. ಕುರಿಗಿರಿ ಅಂತ ಯಾರೂ ಹೇಳ್ಲಿಲ್ಲ."

"ಅಲ್ಲೇ ನೋಡು ನೀನು ಎಡವಿದ್ದು. ಆರರಿಂದ ಆರೂವರೆ ಆ ಚಾನೆಲ್ಲಿನೋರು ನಮಗೆ ಬಿಟ್ಕೊಡ್ತಾರೆ. ಆದ್ರೆ ನಮ್ಮ ಅರ್ಧ ಗಂಟೆ ಹೊರಡೋದು ಇಲ್ಲೇ ಗುಡ್ಡದ ಮೇಲಿರೋ ಟಿ.ವಿ. ಗೋಪುರದಿಂದ. ಆಂಟೆನಾ ಇದ್ದೋರಿಗೆ ಮಾತ್ರ ಸಿಗುತ್ತೆ. ಡಿಶ್ಶು ಇಡೀ ದೇಶಕ್ಕೆ ಒಂದೇ ಥರ ತೋರ್ಸುತ್ತೆ. ನಮ್ಮ ಕೆರೇಲಿ ಕುರಿ ಸತ್ತಿದ್ದು ಉಪಗ್ರಹಕ್ಕೆ ಹೇಗೆ ಗೊತ್ತಾಗ್ಬೇಕು?"

"ಹಾಗಾದ್ರೆ ಡಿಶ್ ಕಿತ್ ಬಿಸಾಕ್ಲಾ?"

"ಇರ್ಲಿ ಬಿಡೋ. ಪ್ರಪಂಚಕ್ಕೆ ಡಿಶ್ಶು, ಊರಿಗೆ ಆಂಟೆನಾ. ಎರಡೂ ಒಂದೇ ಟಿ.ವಿ.ಗೆ ಸೇರುತ್ತೆ."

ಆರೋಗ್ಯ ಕೇಂದ್ರದ ನರ್ಸ್ ಬಂದು ಕೂಸನ್ನು ನೋಡಿದರು. ಸಂಜೆ ಹೊತ್ತಿಗೆ ಕೂಸಿಗೆ ಭೇದಿ ಶುರುವಾಯಿತು. ಎರಡು ದಿನ ಆ ಮನೆಯಲ್ಲಿ ಯಾರೂ ಟಿ.ವಿ. ಹಾಕಲಿಲ್ಲ. ಸ್ವೆರ್ರೆ ತೊಟ್ಟಿಲ ಪಕ್ಕದಿಂದ ಏಳಲೂ ಇಲ್ಲ. ಮೂರನೆಯ ದಿನ ಕೂಸು ಹೊಟ್ಟೆತುಂಬ ಹಾಲು ಕುಡಿದು ನಿದ್ದೆ ಹೋಯಿತು. ಆಮೇಲೆ ಅವನು ಕಂಬದ ಮೀನು ಇಳಿಸಿದ. ಗುದ್ರುನ್ ಏಣಿ ಹಿಡಿದುಕೊಂಡು ಬೈಯುತ್ತಿದ್ದಂತೆಯೇ ಸೂರು ಹತ್ತಿ ಆಂಟೆನಾ ಕಟ್ಟಿದ.

ಆರು ಗಂಟೆಗೆ ಟಿ.ವಿ.ಯಲ್ಲಿ ನೀರಿನ ಕಚೇರಿಯ ಹುಡುಗಿ ಕಾಣಿಸಿದಳು. "ಕೆರೆ ಇನ್ನೂ ಶುದ್ಧವಾಗಿಲ್ಲ. ಭಾನುವಾರದವರೆಗೆ ಕುದಿಸಿಯೇ ಕುಡಿಯಿರಿ," ಎಂದಳು. ಸ್ವೆರ್ರೆ ಒಂದು ತಮಾಷೆಯನ್ನೂ ಮಾಡಲಿಲ್ಲ. ಕೋಟು ಹಾಕಿಕೊಂಡು, ಡಿಶ್ ಇರುವ ಉಳಿದ ಮನೆಗಳಿಗೆ ಹೇಳಲು ಹೊರಟ.

ನೀವೂ ಇವತ್ತು ಸಂಜೆ ಆರಕ್ಕೆ ಟಿ.ವಿ. ಹಾಕಿ ನೋಡಿ. ಊರಿನ ಮುಖ ಒಂದೂ ಕಾಣದಿದ್ದರೆ ಊರಿನ ಎಚ್ಚರಿಕೆಯೂ ನಿಮಗೆ ತಲುಪುತ್ತಿಲ್ಲ ಎಂದು ತಿಳಿಯಿರಿ. ಡಿಶ್ ಇರಲಿ, ಆಂಟೆನಾವನ್ನೂ ಕಟ್ಟಿ. ಸೂರು ಹತ್ತಲಾಗದವರು ಸ್ವೆರ್ರೆಗೆ ಹೇಳಿಕಳಿಸಿ. ಹಸುಗೂಸು ಇರುವ ಮನೆಯಾದರೆ ಹೇಳಿಕಳಿಸುವುದೂ ಬೇಡ, ಅವನೇ ಏಣಿ ಹೊತ್ತು ಬರುತ್ತಾನೆ.