ಬೀಗ ಹಾಕಿದವನು

ರವಿ ಬ್ಲೇಡಿನಿಂದ ಅಪ್ಪನ ಉಡಿದಾರ ಕುಯ್ದಾಗ, ಅದಕ್ಕೆ ಕಟ್ಟಿದ್ದ ಬೀಗದ ಕೈ ಹಲಗೆಯ ಮೇಲೆ ಟಣ್ಣೆಂದು ಬಿತ್ತು. ಹೆಣಕ್ಕೆ ನೀರು ಹುಯ್ಯುತ್ತಿದ್ದವರು ಚೊಂಬು ಹಿಡಿದು ಹಾಗೇ ನಿಂತರು.

"ಎಸ್ಟೇಟ್ ಗೇಟಿಂದು" ಎಂದರು ಯಾರೋ.

ಎಸ್ಟೇಟ್ ಆಳುಗಳ ಲೈನ್ ಮನೆಗಳ ಮುಂದೆ ನೆರೆದಿದ್ದ ಜನರನ್ನು ಸರಿಸಿಕೊಂಡು ಮಹಾದೇವಯ್ಯ ಬಂದರು. ಮೈಕು, ಕರಪತ್ರದ ಕಟ್ಟು ಹೇರಿಕೊಂಡು ಸಕಲೇಶಪುರದಿಂದ ಜೀಪಿನಲ್ಲಿ ಬಂದಿದ್ದ ಕಾರ್ಮಿಕ ಮುಖಂಡರು ಅವರು. ಕರಪತ್ರದಲ್ಲಿ ಆಗಲೇ 'ಹುತಾತ್ಮ ಗಿಡ್ಡಯ್ಯ' ಎಂದು ಅಚ್ಚಾಗಿತ್ತು. ಬೀಗದ ಕೈಯನ್ನು ಎತ್ತಿ ಹಿಡಿದರು.

"ಬಂಧುಗಳೇ! ನಮಗೆ ಗೇಟು ತೆರೆಯಲು ಹೋದ ಈ ಬಡವನ ಬೆನ್ನಿಗೆ ಸಾಹುಕಾರ ಗುಂಡು ಹೊಡೆದ. ಸಾಕ್ಷಿ ಇಲ್ಲಿದೆ!"

"ಹೌದು, ನಾನೇ ನೋಡ್ದೆ. ತೆಗೀತಾ ಇದ್ದ ಪುಣ್ಯಾತ್ಮ" ಎಂದಳು ಪಕ್ಕದ ಮನೆಯ ಚೆಲುವಮ್ಮ.

ಗಿಡ್ಡಯ್ಯನ ಹೆಂಡತಿ ದೇವೀರಮ್ಮ ತಲೆಯೆತ್ತಿ ಅವಳನ್ನೇ ನೋಡಿದಳು. ಮೊನ್ನೆ ಇದೇ ಚೆಲುವಮ್ಮ ಗೇಟಿನಾಚೆ ನಿಂತು, 'ಎಂಜ್ಲು ತಿನ್ನೋನೆ, ನಿನ್ ಕೈಗೆ ಹುಳ ಬೀಳ' ಎಂದು ಅವನಿಗೆ ಮಣ್ಣು ತೂರಿದ್ದಳು. ಈಗ ಅಳುತ್ತಿದ್ದಳು. ಸುಳ್ಳು ಅಳುವಲ್ಲ; ಕಣ್ಣಾರೆ ಕಂಡವಳ ಅಳು. ದೇವೀರಮ್ಮನಿಗೆ ಹೆದರಿಕೆಯಾದದ್ದು ಅದಕ್ಕೇ.

*

ಗಿಡ್ಡಯ್ಯ ಇಪ್ಪತ್ತೆರಡು ವರ್ಷ ಆ ಗೇಟು ಕಾದವನು. ಕಾಫಿ ಹಣ್ಣಿನ ಕಾಲದಲ್ಲಿ ಸಂಜೆ ಕೆಲಸ ಬಿಟ್ಟು ಹೊರಡುವ ಹೆಂಗಸರ ಮಡಿಲು ಒದರಿಸಿ ನೋಡಿ ಬಿಡಬೇಕು. ಹೆಂಡತಿಯ ಮಡಿಲನ್ನೂ ಬಿಡುತ್ತಿರಲಿಲ್ಲ. 'ಮನೇಲಿ ನೋಡಿದ್ದು ಸಾಲ್ದೇನೋ ಗಿಡ್ಡ?' ಎಂದು ಅವರು ನಕ್ಕರೆ ತಲೆ ತಗ್ಗಿಸುತ್ತಿದ್ದ. ಮದುವೆಯೂಟದಲ್ಲಿ ಅವನ ಪಕ್ಕದ ಎಲೆಗೆ ಯಾರೂ ಕೂರುತ್ತಿರಲಿಲ್ಲ.

ಕಾಫಿ ರೇಟು ನೆಲ ಕಚ್ಚಿದ ಆ ವರ್ಷ ಸಾಹುಕಾರರು ಲೈನ್ ಖಾಲಿ ಮಾಡಿ ಎಂದರು. ಆಳುಗಳೆಲ್ಲ ಗೇಟಿಗೆ ಬರುವರೆಂದು ಗೊತ್ತಾದ ಬೆಳಿಗ್ಗೆ, ಗಿಡ್ಡಯ್ಯ ಮುರಿದ ರೊಟ್ಟಿಯನ್ನು ಬಾಯಿಗಿಡಲಿಲ್ಲ.

"ಸಾವ್ಕಾರ್ರು ಬಂಗ್ಲೆ ಜಗಲೀಲಿ ಕೋವಿಗೆ ಗುಂಡು ತುಂಬ್ಕಂಡ್ ಕೂತವ್ರೆ ಕಣೆ. ನಮ್ ಹುಡ್ಗ ಮುಂದ್ಗಡೇನೇ ಇರ್ತಾನೆ. ಬೀಗ ಹಾಕ್ಬುಡ್ತೀನಿ. ಬೈದ್ರೆ ಬೈಲಿ."

ರವಿ ಕೂಗಿದ್ದು ಲೈನಿಗೂ ಕೇಳಿಸಿತ್ತು: "ಬೀಗ ತೆಗಿಯೋ ನಾಯಿ!"

ಆಮೇಲೆ ಕೇಳಿಸಿದ್ದು ಕೋವಿಯ ಈಡು. ಗುಂಪಿಗೆಂದು ಹಾರಿಸಿದ ಗುಂಡು, ಗೇಟಿಗೆ ಅಡ್ಡ ನಿಂತಿದ್ದ ಗಿಡ್ಡಯ್ಯನ ಬೆನ್ನು ಹೊಕ್ಕಿತ್ತು.

*

ರವಿ ದೇವೀರಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ. ಎರಡು ದಿನದಿಂದ ಅವನು ಕಣ್ಣು ಮುಚ್ಚಿರಲಿಲ್ಲ.

"ಅವ್ವ, ಅಪ್ಪ ಗೇಟು ತೆಗೀತಾನೇ ಇತ್ತು, ಅಲ್ವಾ?"

ನೀರು ಕೇಳುವವನ ಹಾಗೆ ಕೇಳಿದ. ಹೂಂ ಎಂದರೆ ಇವನು ಉಸಿರಾಡುತ್ತಾನೆ. ಹೂಂ ಎಂದರೆ ಈ ಜನ ಹೆಣ ಹೊತ್ತು ಬಂಗಲೆಗೆ ನುಗ್ಗುತ್ತಾರೆ. ಸಾಹುಕಾರರನ್ನು ಪೊಲೀಸರು ಒಯ್ದಿದ್ದರೂ ಅಲ್ಲಿ ಬಂದೂಕು ಹಿಡಿದ ಕಾವಲಿತ್ತು. ಎಲ್ಲರಿಗಿಂತ ಮುಂದೆ ಇವನೇ ಇರುತ್ತಾನೆ.

ಮಹಾದೇವಯ್ಯ ಮೈಕನ್ನು ಅವಳ ಬಾಯಿಗೆ ಹಿಡಿದರು. "ಹೇಳು ತಾಯಿ, ಹೆದರಬೇಡ."

ಅವಳು ಮಗನ ತೋಳು ಹಿಡಿದುಕೊಂಡಳು.

"ನಿಮ್ಮಪ್ಪ ಸತ್ತಿದ್ದು ನಿಮ್ಮೆಲ್ರಿಗೋಸ್ಕರ ಕಣೋ. ಅವ್ರು ಬೀಗ—"

ಮೈಕು ಆಗಲೇ ಸರಿದಿತ್ತು.

"ಕೇಳಿದಿರಾ? ನಮಗೋಸ್ಕರ!" ಧ್ವನಿವರ್ಧಕ ಗುಡುಗಿತು. "ಗಿಡ್ಡಯ್ಯ ಅಮರ್ ರಹೇ!"

"ಹಾಕಿದ್ರು ಕಣೋ, ಬೀಗ ಹಾಕಿದ್ರು! ನೀವ್ ಒಳಕ್ ಬರ್ಬಾರ್ದು ಅಂತ..."

ನೂರು ಬಾಯಿಗಳ ಕೂಗಿನಲ್ಲಿ ಅವಳ ಮಾತು ಅವಳಿಗೇ ಕೇಳಿಸಲಿಲ್ಲ. ರವಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಎರಡು ದಿನದಲ್ಲಿ ಮೊದಲ ಸಲ ಅವನ ಮುಖ ಅರಳಿತ್ತು.

"ನಂಗೊತ್ತಿತ್ತು ಕಣವ್ವ" ಎಂದು ಹೇಳಿ ಚಟ್ಟಕ್ಕೆ ಹೆಗಲು ಕೊಟ್ಟ.

ಎಡಕ್ಕೆ ಇಳಿದರೆ ಹಳ್ಳದ ಮಗ್ಗುಲಿನ ಮಸಣ, ಬಲಕ್ಕೆ ಹತ್ತಿದರೆ ಬಂಗಲೆ. ಚಟ್ಟ ಬಲಕ್ಕೆ ತಿರುಗಿತು.

ಕೆಳಗೆ ಮಸಣದಲ್ಲಿ, ಬೆಳಗಿನಿಂದ ಒಬ್ಬನೇ ಅಗೆಯುತ್ತಿದ್ದ ಭೂತಯ್ಯ ಎದೆಮಟ್ಟದ ಗುಂಡಿಯೊಳಗೆ ನಿಂತು ಎರಡೂ ಕೈ ಬೀಸುತ್ತಿದ್ದ.

"ಎತ್ಲಾಗ್ ಹೋಯ್ತಾ ಇದ್ದೀರ್ರೋ? ಗುಂಡಿ ಇಲ್ಲೈತೆ ಕಣ್ರೋ! ಇಲ್ಲೈತೆ!"